ಪುಡಿ ಉದುರಿತೆಂದು ಮುಚ್ಚಿಗೆ ಕೀಳಬೇಡಿ

ಕೊಡಗಿನವರಿಗೆ ಕೊರಕ ಹುಳುವಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅರೇಬಿಕಾ ಕಾಫಿ ಇರುವ ಯಾವ ತೋಟಕ್ಕೆ ಹೋದರೂ ಬಿಳಿ ಕಾಂಡಕೊರಕದ ಮಾತು ಬಂದೇ ಬರುತ್ತದೆ. ಬಾಡಿ ಹಳದಿಯಾದ ಎಲೆ, ಕಾಂಡದ ಮೇಲೆ ಎದ್ದು ಕಾಣುವ ಏಣುಗಳು, ದುಂಬಿ ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲ, ತೊಗಟೆ ಉಜ್ಜುವ ಕೆಲಸ, ಹುಳು ಹೊಕ್ಕ ಗಿಡವನ್ನು ಬುಡಸಮೇತ ಕಿತ್ತು ಸುಡುವ ಕಟ್ಟಳೆ, ಇವೆಲ್ಲ ಇಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ತೊಂದರೆ ಏನೆಂದರೆ, ತೋಟದ ಈ ತಿಳಿವಳಿಕೆಯನ್ನೇ ನಾವು ಮನೆಯೊಳಗೂ ತಂದುಬಿಡುತ್ತೇವೆ. ಮುಚ್ಚಿಗೆಯಿಂದ, ಅಂದರೆ ಮರದ ಹಲಗೆಯ ಒಳಚಾವಣಿಯಿಂದ, ಒಂದು ಚಿಟಿಕೆ ಪುಡಿ ಉದುರಿದರೆ ಸಾಕು, "ಕುಟ್ಟೆ (ಮರ ಕೊರೆಯುವ ಹುಳು) ಹಿಡಿಯಿತು, ಕಿತ್ತು ಹಾಕಿ" ಎಂಬ ತೀರ್ಪು ಹೊರಬೀಳುತ್ತದೆ.

ಕಾಫಿಯ ಕಾಂಡಕೊರಕ ಜೀವಂತ ಗಿಡದ ಹುಳು. ಅದು ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಒಣಗಿದ ತೊಲೆಯೂ ಹಲಗೆಯೂ ಅದಕ್ಕೆ ಬೇಕಿಲ್ಲ. ಮನೆಯ ಮರಕ್ಕೆ ಬೀಳುವ ಹುಳುಗಳ ಜಾತಿ ಬೇರೆ, ನಡತೆ ಬೇರೆ, ಮಾಡಬೇಕಾದ ಉಪಾಯವೂ ಬೇರೆ.

ಅವಸರದ ಈ ತೀರ್ಪಿಗೆ ಕೊಡವ ಕುಟುಂಬಗಳ ಹಿರಿಮನೆಗಳಾದ ಐನ್‌ಮನೆಗಳ, ಹಳೆಯ ಹೆಂಚಿನ ಮನೆಗಳ ಒಳ್ಳೆಯ ಮರ ಬಲಿಯಾಗುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ತಲೆಮಾರುಗಳ ಮಳೆಗಾಲ ಕಂಡ ಬೀಟೆಯ ಕಂಬ, ಸೂರಿನ ಹೆಂಚು ಹೊರುವ ನಂದಿಯ ಪಕ್ಕಾಸು, ಕೈಸಾಲೆಯ (ಮುಂಜಗಲಿಯ) ಕಂಬಗಳ ನಡುವೆ ಕೂರಲು ಹಾಕಿದ ಹಲಸಿನ ಐಮರ, ಇಂಥವನ್ನು ಲಾರಿಗೆ ಹಾಕಿ ಕಳಿಸಿ, ಆ ಜಾಗಕ್ಕೆ ಸರಿಯಾಗಿ ಒಣಗದ ಹೊಸ ಮರ ತಂದು ಕೂರಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕುಟ್ಟೆಗೆ ಬೇಕಾದ ಊಟ ಹಳೆಯ ಮರದಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ. ಅದು ತುಂಬಿ ತುಳುಕುವುದು ಹೊಸ ಮರದಲ್ಲಿ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮರವನ್ನು ಅಡ್ಡ ಕೊಯ್ದಾಗ ನಡುವೆ ಗಾಢ ಬಣ್ಣದ ಚೇಗು ಕಾಣುತ್ತದೆ, ಅದರ ಸುತ್ತ ತೊಗಟೆಯವರೆಗೆ ತೆಳು ಬಣ್ಣದ ಬಿಳಿ ಭಾಗ. ಮರ ಬದುಕಿದ್ದಾಗ ನೀರು ಮೇಲೇರುವುದು ಈ ಬಿಳಿ ಭಾಗದಲ್ಲಿ. ಮರ ತನ್ನ ಪಿಷ್ಟವನ್ನು ಕೂಡಿಡುವುದೂ ಅಲ್ಲೇ. ಹಿಟ್ಟಿನಂಥ ಪುಡಿ ಉದುರಿಸುವ ಲಿಕ್ಟಸ್ ಗುಂಪಿನ ದುಂಬಿಗಳು ಹುಡುಕಿಕೊಂಡು ಬರುವುದು ಆ ಪಿಷ್ಟವನ್ನೇ. ತಾಯಿ ದುಂಬಿ ಮರದ ಸೂಕ್ಷ್ಮ ರಂಧ್ರಗಳೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗೊಳಗೇ ಪಿಷ್ಟ ತಿನ್ನುತ್ತಾ ಬೆಳೆದು, ಕೋಶ ಕಟ್ಟಿ, ದುಂಬಿಯಾಗಿ ತೂತು ಕೊರೆದು ಹೊರಗೆ ಬರುತ್ತದೆ. ನಮ್ಮ ಹವೆಯಲ್ಲಿ ಈ ಸುತ್ತು ಕೆಲವೇ ತಿಂಗಳಲ್ಲಿ ಮುಗಿಯಬಹುದು, ಊಟ ಕಡಿಮೆ ಇರುವ ಮರದಲ್ಲಿ ವರ್ಷಗಟ್ಟಲೆ ಎಳೆಯಲೂಬಹುದು. ಚೇಗಿನಲ್ಲಿ ಪಿಷ್ಟವಿಲ್ಲ. ತೇಗ, ಬೀಟೆ, ಹೊನ್ನೆಯಂಥ ಮರಗಳ ಚೇಗಿನಲ್ಲಿ ಹುಳುವಿಗೆ ಒಗ್ಗದ ಸತ್ವಗಳೂ ಸೇರಿರುತ್ತವೆ. "ತೇಗಕ್ಕೆ ಹುಳು ಬೀಳುವುದಿಲ್ಲ" ಎಂಬ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ತೇಗದ ಬಿಳಿ ಭಾಗವನ್ನು ಹುಳು ಸಲೀಸಾಗಿ ತಿನ್ನುತ್ತದೆ.

ಇದನ್ನು ಕಣ್ಣಾರೆ ನೋಡುವ ಒಂದು ಉಪಾಯವಿದೆ. ಔಷಧದ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್ ತನ್ನಿ. ಮರದ ಒಂದು ಮೂಲೆಗೆ ಕೀಸುಳಿ ಹೊಡೆದು ಹೊಸ ಮೈ ಕಾಣುವಂತೆ ಮಾಡಿ, ಚೇಗು ಮತ್ತು ಬಿಳಿ ಎರಡರ ಮೇಲೂ ಒಂದೊಂದು ಹನಿ ಬಿಡಿ. ಚೇಗಿನ ಮೇಲೆ ಬಿದ್ದ ಹನಿ ಕಂದು ಬಣ್ಣದಲ್ಲೇ ಉಳಿಯುತ್ತದೆ. ಬಿಳಿ ಭಾಗದಲ್ಲಿ ಪಿಷ್ಟ ತುಂಬಿದ್ದರೆ ಹನಿ ಹರಡಿದಷ್ಟು ಜಾಗ ಮೊದಲು ನೇರಳೆಯಾಗಿ, ನೋಡನೋಡುತ್ತಿದ್ದಂತೆ ಕಪ್ಪುನೀಲಿಗೆ ತಿರುಗುತ್ತದೆ. ಬರಿಗಣ್ಣಿಗೆ ಕಾಣದ ಮರದ ಎಳೆಗಳು ಆ ಬಣ್ಣದಲ್ಲಿ ಗೆರೆಗೆರೆಯಾಗಿ ಎದ್ದು ನಿಲ್ಲುತ್ತವೆ. ಹೊಸ ಮಂಚಕ್ಕೋ ಬಾಗಿಲಿಗೋ ಮರ ಕೊಳ್ಳುವ ಮೊದಲು ಇಷ್ಟು ಮಾಡಿ ನೋಡಿದರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ.

ಇನ್ನು ಪುಡಿಯ ವಿಚಾರ. ಹುಳುವನ್ನು ನೋಡುವ ಅವಕಾಶ ಅಪರೂಪ, ಅದರ ಪುಡಿ ಮಾತ್ರ ನಮ್ಮ ಕೈಗೆ ಸಿಗುತ್ತದೆ. ಪುಡಿಯನ್ನು ಗುಡಿಸಿ ಎಸೆಯುವ ಮೊದಲು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿದ್ದು, ತೂತು ಒಂದರಿಂದ ಎರಡು ಮಿಲಿಮೀಟರ್ ಇದ್ದರೆ ಲಿಕ್ಟಸ್ ಎಂದು ತಿಳಿಯಬಹುದು. ಬೆರಳಿಗೆ ಸಣ್ಣ ರವೆಯಂತೆ ತರಿತರಿಯಾಗಿ ಸಿಕ್ಕರೆ ಪೀಠೋಪಕರಣದ ದುಂಬಿಗಳ ಗುಂಪು. ಇವಕ್ಕೆ ಪಿಷ್ಟವೇ ಬೇಕೆಂದಿಲ್ಲ, ಹಳೆಯ ಮರವೂ ಆದೀತು. ಆದರೆ ಮರದಲ್ಲಿ ತೇವ ಬೇಕೇ ಬೇಕು. ಹೆಂಚು ಸೋರುವ ಮೂಲೆ, ಗಾಳಿಯಾಡದ ಅಟ್ಟ, ಮಣ್ಣಿನ ಗೋಡೆಗೆ ತಾಗಿದ ದಾರಂದ (ಬಾಗಿಲಿನ ಚೌಕಟ್ಟು) ಇವುಗಳ ಜಾಗ. ಮೂರರಿಂದ ಏಳು ಮಿಲಿಮೀಟರಿನ ದುಂಡು ತೂತು, ಒಳಗೆ ಗಿಡಿದು ತುಂಬಿದ ಪುಡಿ ಕಂಡರೆ ಬೋಸ್ಟ್ರಿಕಿಡ್ ಎಂಬ ಗುಂಪಿನ ಕೊರಕ. ಇದು ಹೊಸದಾಗಿ ಕಡಿದ, ಇನ್ನೂ ಹಸಿ ಇರುವ ಮರಕ್ಕೆ ಬಿದ್ದು ಮನೆಗೆ ಬರುತ್ತದೆ. ಮರ ಒಣಗಿದ ಮೇಲೆ ಮತ್ತೆ ಅದೇ ಮರಕ್ಕೆ ಬೀಳುವುದು ಕಡಿಮೆ. ಬಿದಿರಿನ ಬುಟ್ಟಿ, ತಟ್ಟಿಗಳನ್ನು ಪುಡಿ ಮಾಡುವ ಪುಟ್ಟ ದುಂಬಿಯೂ ಇದೇ ಕುಲದ್ದು. ತೂತು ಅಂಡಾಕಾರವಾಗಿದ್ದು, ರಾತ್ರಿಯ ನಿಶ್ಶಬ್ದದಲ್ಲಿ ಮರದೊಳಗಿಂದ ಕರಕರ ಸದ್ದು ಕೇಳಿಸಿದರೆ ಉದ್ದ ಮೀಸೆಯ ದುಂಬಿಯ ಮರಿ ಒಳಗಿರಬಹುದು. ಒಣಮರವನ್ನೇ ತಿನ್ನುವ ಅಂಥ ಒಂದು ಜಾತಿ ನಮ್ಮ ದೇಶದಲ್ಲಿದೆ, ಅದರ ಮರಿ ವರ್ಷಗಟ್ಟಲೆ ಒಳಗೇ ಇರುತ್ತದೆ.

ಉದುರಿದ್ದು ಪುಡಿಯಾಗಿರದೆ ಗಸಗಸೆಯಂಥ ಕಾಳುಗಳಾಗಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಒಂದೊಂದು ಕಾಳಿಗೂ ಆರು ಮುಖ ಕಂಡರೆ ಅದು ಒಣಮರದ ಗೆದ್ದಲು. ಮಣ್ಣಿನ ಗೂಡಿನ ಸಹವಾಸವೇ ಇಲ್ಲದೆ ಮರದೊಳಗೇ ಸಂಸಾರ ಹೂಡುವ ಜಾತಿ ಅದು. ಗೋಡೆಯ ಮೇಲೆ ಮಣ್ಣಿನ ಕೊಳವೆ ಎಬ್ಬಿಸಿಕೊಂಡು ಬರುವ ಸಾಮಾನ್ಯ ಗೆದ್ದಲನ್ನು ಯಾರೂ ಗುರುತಿಸುತ್ತಾರೆ, ಅದರ ಮಾತು ಇಲ್ಲಿ ಬೇಡ. ಕೈಬೆರಳು ತೂರುವಷ್ಟು ದೊಡ್ಡ, ಬೈರಿಗೆಯಲ್ಲಿ ಕೊರೆದಂಥ ದುಂಡು ತೂತು ಸೂರಿನ ಪಕ್ಕಾಸಿನಲ್ಲಿದ್ದು, ಸುತ್ತ ಕಪ್ಪು ದುಂಬಿ ಗುಂಯ್ ಎನ್ನುತ್ತಿದ್ದರೆ ಅದು ಬಡಗಿ ಜೇನು. ಮರವನ್ನು ತಿನ್ನುವುದಿಲ್ಲ, ಮನೆ ಮಾಡಿಕೊಳ್ಳುತ್ತದೆ ಅಷ್ಟೆ. ಹೂವಿನ ಪರಾಗಕ್ಕೆ ಉಪಕಾರಿ, ಅದನ್ನು ಕೊಲ್ಲಬೇಡಿ. ಅದು ಬಿಟ್ಟು ಹೋದ ಮೇಲೆ ತೂತಿಗೆ ಬೆಣೆ ಹೊಡೆದು ಬಣ್ಣ ಬಳಿದರೆ ಸಾಕು.

ತೂತು ಕಂಡ ಕೂಡಲೇ ಹುಳು ಅಲ್ಲಿಂದ ಒಳಗೆ ಹೊಕ್ಕಿದೆ ಎಂದುಕೊಳ್ಳುತ್ತೇವೆ. ಲಿಕ್ಟಸ್ ಮತ್ತು ಪೀಠೋಪಕರಣದ ದುಂಬಿಗಳಲ್ಲಿ ಆ ತೂತು ಹುಳು ಹೊರಟುಹೋದ ಬಾಗಿಲು. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ? ಹಳೆಯ ತೂತುಗಳ ಅಂಚು ಮಾಸಿ ಕಪ್ಪಾಗಿರುತ್ತದೆ, ಪುಡಿ ಹಳದಿ ತಿರುಗಿ ಗಂಟು ಕಟ್ಟಿರುತ್ತದೆ. ಹೊಸ ತೂತಿನ ಅಂಚು ಚೂಪು, ಒಳಗಿನ ಮರ ಬೆಳ್ಳಗೆ, ಪುಡಿಯೂ ಬೆಳ್ಳಗೆ. ಟಾರ್ಚನ್ನು ನೇರವಾಗಿ ಬಿಡದೆ ಮರದ ಮೈಗೆ ಓರೆಯಾಗಿ ಹಿಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ನಾಪೋಕ್ಲು ಕಡೆ ಇರುವ ನನ್ನ ದೊಡ್ಡಪ್ಪನ ಮನೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಮಲಗುವ ಕೋಣೆಯ ಮುಚ್ಚಿಗೆಯಿಂದ ಪುಡಿ ಬೀಳುತ್ತಿತ್ತು. ನೋಡಲು ಬಂದ ಕೀಟನಿಯಂತ್ರಣದವನೊಬ್ಬ ಮನೆಯ ಸುತ್ತ ನೆಲ ಕೊರೆದು ಔಷಧ ತುಂಬಿಸಬೇಕು ಎಂದು ದೊಡ್ಡ ಮೊತ್ತ ಹೇಳಿ ಹೋಗಿದ್ದ. ನೆಲದಲ್ಲಿ ಔಷಧದ ಬೇಲಿ ಹಾಕುವುದು ಮಣ್ಣಿನಿಂದ ಏರುವ ಗೆದ್ದಲಿಗೆ. ಹಾರಿಬಂದು ಮೊಟ್ಟೆ ಇಡುವ ದುಂಬಿಗೂ ಆ ನೆಲಕ್ಕೂ ಯಾವ ಸಂಬಂಧವೂ ಇಲ್ಲ. ಹೀಗೆ ರೋಗ ಒಂದಕ್ಕೆ ಮದ್ದು ಇನ್ನೊಂದನ್ನು ಮಾರುವುದು ನಮ್ಮಲ್ಲಿ ಎಷ್ಟು ಸಲೀಸಾಗಿ ನಡೆಯುತ್ತಿದೆ ಎಂದರೆ, ಜನ ಕೇಳುವುದನ್ನೇ ಬಿಟ್ಟಿದ್ದಾರೆ.

"ಅಜ್ಜ ಹಾಕಿಸಿದ ಮುಚ್ಚಿಗೆ ಮಗಳೇ. ಇನ್ನು ಇದರ ಆಯುಸ್ಸು ಮುಗಿಯಿತೆಂದು ಕಾಣುತ್ತದೆ" ಎಂದರು ದೊಡ್ಡಪ್ಪ.

"ಕೀಳುವುದು ಒಂದು ದಿನದ ಕೆಲಸ ದೊಡ್ಡಪ್ಪ. ಅದಕ್ಕೆ ಮೊದಲು ಸ್ವಲ್ಪ ದಿನ ನೋಡೋಣ" ಎಂದೆ.

ಮುಚ್ಚಿಗೆಯನ್ನು ಗುಡಿಸಿ, ಕಂಡ ತೂತುಗಳಿಗೆಲ್ಲ ಮೇಣದ ಬತ್ತಿ ಉಜ್ಜಿ ಮುಚ್ಚಿ, ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆವು. ಕೆಳಗೆ, ಮಂಚದ ಅಡಿಗೂ ಸೇರಿಸಿ, ಕಪ್ಪು ಚಾರ್ಟ್ ಕಾಗದ ಹಾಸಿದೆವು. ಮಳೆಗಾಲ ಕಳೆದು ನೋಡಿದಾಗ ಮುಚ್ಚಿಗೆಯ ಮೇಣ ಎಲ್ಲೂ ಒಡೆದಿರಲಿಲ್ಲ. ಅಲ್ಲಿಂದ ಬಿದ್ದಿದ್ದ ಅಲ್ಪಸ್ವಲ್ಪ ಪುಡಿ ಹಳದಿಗಟ್ಟಿದ ಹಳೆಯದು. ಅಟ್ಟದ ಮೇಲೆ ಮೆಣಸಿನ ಮೂಟೆ ಹೊತ್ತು ಓಡಾಡಿದಾಗ ಅಲುಗಿ ಉದುರುತ್ತಿತ್ತು. ಆದರೆ ಮಂಚದ ಅಡಿಯ ಕಪ್ಪು ಕಾಗದದ ಮೇಲೆ ಅಕ್ಕಿಹಿಟ್ಟಿನಂಥ ಬೆಳ್ಳನೆಯ ಪುಡಿ ಪುಟ್ಟ ಪುಟ್ಟ ಗೋಪುರಗಳಾಗಿ ನಿಂತಿತ್ತು. ಪಕ್ಕದಲ್ಲೇ ಅಕ್ಕಿಕಾಳಿಗಿಂತ ಚಿಕ್ಕದಾದ, ಕೆಂಗಂದು ಬಣ್ಣದ, ಚಪ್ಪಟೆ ಮೈಯ ಒಂದು ದುಂಬಿ ಸತ್ತು ಬಿದ್ದಿತ್ತು. ಮಂಚ ಮದುವೆಗೆಂದು ಇತ್ತೀಚೆಗೆ ಮಾಡಿಸಿದ್ದು. ತಿರುಗಿಸಿ ನೋಡಿದರೆ ಅಡಿಪಟ್ಟಿಗಳೆಲ್ಲ ಬಿಳಿ ಮರ, ಒಂದೆರಡರ ಅಂಚಿನಲ್ಲಿ ತೊಗಟೆಯೂ ಉಳಿದಿತ್ತು. ಅಯೋಡಿನ್ ಹನಿ ಬಿಟ್ಟ ಕೂಡಲೇ ಕಪ್ಪಾಯಿತು.

ಕೆಲಸಕ್ಕೆ ಬಂದ ವಯಸ್ಸಾದ ಆಚಾರಿಯವರು ಬಗ್ಗಿ ನೋಡಿ, "ಅಕ್ಕ, ಕಾಣುವ ಕಡೆ ಚೇಗು ಹಾಕುತ್ತಾರೆ, ಅಡಿಗೆ ಬಿಳಿ ಹೊಡೆಯುತ್ತಾರೆ. ಮಂಚದ ಅಡಿಗೆ ಯಾರು ತಲೆ ಹಾಕುತ್ತಾರೆ ಹೇಳಿ" ಎಂದರು. ಪಟ್ಟಿಗಳನ್ನು ಬಿಚ್ಚಿ ಒಲೆಗೆ ಹಾಕಿ, ಚೇಗಿನ ಪಟ್ಟಿ ಕೂರಿಸಿದರು. ಮುಚ್ಚಿಗೆಯ ಕೆಲವು ಹಲಗೆಗಳ ಅಂಚಿನಲ್ಲಿ ಉಳಿದಿದ್ದ ಬಿಳಿ ಭಾಗ ಎಂದೋ ಪುಡಿಯಾಗಿತ್ತು. ಅದನ್ನು ಉಳಿಯಲ್ಲಿ ಕೆರೆದು ತೆಗೆದಾಗ ಒಳಗೆ ಕಲ್ಲಿನಂಥ ಚೇಗು. ಉಳಿಯ ಹಿಡಿಯಲ್ಲಿ ತಟ್ಟಿದರೆ ಟಣ್ ಎಂದಿತು. ಮುಚ್ಚಿಗೆ ಇಂದಿಗೂ ಅಲ್ಲೇ ಇದೆ.

ಭಾರ ಹೊರುವ ತೊಲೆ, ಕಂಬಗಳ ವಿಷಯದಲ್ಲಿ ಕೇವಲ ಪುಡಿ ನೋಡಿ ಸುಮ್ಮನಿರಬಾರದು. ಚೂಪಾದ ದಬ್ಬಳದಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಗೋಡೆಯೊಳಗೆ ಹೋಗುವ ತುದಿಗಳನ್ನು ಮರೆಯದೆ ನೋಡಬೇಕು, ಏಕೆಂದರೆ ತೇವ ನಿಲ್ಲುವುದು ಅಲ್ಲಿ. ದಬ್ಬಳ ಸ್ವಲ್ಪ ಇಳಿದು ಗಟ್ಟಿಗೆ ತಾಗಿದರೆ ಹೊರಗಿನ ಬಿಳಿ ಮಾತ್ರ ಹೋಗಿದೆ. ಹಿಡಿಯವರೆಗೂ ಇಳಿದರೆ ಅನುಭವಿಯನ್ನು ಕರೆಸಿ, ಕೆಳಗೆ ಆಸರೆ ಕೊಟ್ಟ ಮೇಲೆಯೇ ಮುಂದಿನ ಮಾತು.

ಒಳಗೆ ಹುಳು ಇರುವುದು ಖಚಿತವಾದರೆ ನಾನು ಮೊದಲು ಹೇಳುವ ಮದ್ದು ಬೊರಾಕ್ಸ್ ಮತ್ತು ಬೋರಿಕ್ ಆಸಿಡ್. ಅಕ್ಕಸಾಲಿಗರು ಬಳಸುವ ಬಿಳಿಗಾರವೇ ಬೊರಾಕ್ಸ್. ಐದು ಲೀಟರ್ ಬಿಸಿ ನೀರಿಗೆ 180 ಗ್ರಾಂ ಬೊರಾಕ್ಸ್, 120 ಗ್ರಾಂ ಬೋರಿಕ್ ಆಸಿಡ್ ಹಾಕಿ ಪೂರ್ತಿ ಕರಗುವವರೆಗೆ ಕದಡಬೇಕು. ಪಾಲಿಶ್, ವಾರ್ನಿಷ್, ಬಣ್ಣ ಏನೇ ಇದ್ದರೂ ಉಪ್ಪುಕಾಗದದಿಂದ ಉಜ್ಜಿ ಬರಿಯ ಮರ ಕಾಣುವಂತೆ ಮಾಡಿದ ಮೇಲೆಯೇ ಬಳಿಯಬೇಕು, ಇಲ್ಲವಾದರೆ ದ್ರಾವಣ ಒಳಗಿಳಿಯುವುದಿಲ್ಲ. ಎರಡು ಮೂರು ಸಲ ಧಾರಾಳವಾಗಿ ಬಳಿದು, ಚೆನ್ನಾಗಿ ಒಣಗಿದ ಮೇಲೆ ಪಾಲಿಶ್ ಹಾಕಬಹುದು. ಕೈಗವಸು ಹಾಕಿಕೊಳ್ಳಿ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರ ಇಡಿ, ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ. ಮಳೆನೀರು ಬೀಳುವ ಕಡೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಒಳಮನೆಯ ಮರಕ್ಕೆ ಮಾತ್ರ. ಮೇಲೆ ಬಳಿದದ್ದು ಆಳದಲ್ಲಿರುವ ಮರಿಯನ್ನು ಕೂಡಲೇ ಕೊಲ್ಲುವುದಿಲ್ಲ. ಬಳಿದ ನಂತರವೂ ಕೆಲವು ದುಂಬಿಗಳು ಹೊರಬರಬಹುದು. ಮೊಟ್ಟೆಯೊಡೆದು ಹೊಸದಾಗಿ ಕೊರೆಯತೊಡಗುವ ಮರಿ ಮಾತ್ರ ಬದುಕುವುದಿಲ್ಲ. ಹೊಸ ತೂತು ಕಂಡಿತೆಂದು ಗಾಬರಿಯಾಗಿ ಇನ್ನೊಂದು ವಿಷಕ್ಕೆ ಓಡಬೇಡಿ.

ತೂತು ತೂತಿಗೆ ಸಿರಿಂಜಿನಲ್ಲಿ ಔಷಧ ತುಂಬಿಸುವುದನ್ನು ಬಹಳ ಮಂದಿ ಮಾಡುತ್ತಾರೆ. ದುಂಬಿಯ ಸುರಂಗಗಳಲ್ಲಿ ಪುಡಿ ತುಂಬಿರುವುದರಿಂದ ದ್ರವ ದೂರ ಹೋಗುವುದಿಲ್ಲ. ಒಣಮರದ ಗೆದ್ದಲಿನ ಸುರಂಗಗಳು ಬಯಲಾಗಿರುವುದರಿಂದ ಅಲ್ಲಿ ಇದು ಹೆಚ್ಚು ಫಲ ಕೊಡುತ್ತದೆ. ಪಕ್ಕಾಸುಗಳಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವ ಚಾಳಿ ನಮ್ಮ ಕಡೆ ಇದೆ. ಒಳಗಿನ ಹುಳುವಿಗೆ ಅದರಿಂದ ಏನೂ ಆಗುವುದಿಲ್ಲ, ಮನೆಗೆ ಬೆಂಕಿ ತಗುಲಿದರೆ ಹರಡಲು ದಾರಿ ಮಾಡಿಕೊಟ್ಟಂತೆ. ಸೀಮೆಎಣ್ಣೆಯ ಮಾತೂ ಅದೇ.

ಇದಕ್ಕಿಂತ ಭಯಂಕರವಾದ ಎರಡನ್ನು ಬಿಡಿಸಿ ಹೇಳಬೇಕು. ಹಿಂದೆ ಕಾಂಡಕೊರಕಕ್ಕೆ ಬಳಿಯುತ್ತಿದ್ದ ಲಿಂಡೇನ್‌ನ ಹಳೆಯ ಡಬ್ಬಿಗಳು ಕೆಲವು ತೋಟಗಳ ಉಗ್ರಾಣದಲ್ಲಿ ಇನ್ನೂ ಉಳಿದಿರಬಹುದು. ಭಾರತದಲ್ಲಿ ಅದರ ಬಳಕೆ 2013ರಿಂದ ನಿಷಿದ್ಧ. ಮಲಗುವ ಕೋಣೆಯ ಮರಕ್ಕೆ ಅದನ್ನು ಹಚ್ಚುವ ಯೋಚನೆಯೇ ಬೇಡ. ಎರಡನೆಯದು ಗೋದಾಮಿನ ದಾಸ್ತಾನಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಹೊಮ್ಮುವ ಅನಿಲ ಮಲಗಿದ್ದವರನ್ನು ಮಲಗಿದ್ದಲ್ಲೇ ಕೊಲ್ಲಬಲ್ಲದು. ಅದನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚಿದರೆ ಸಾಕೆಂದು ಸಲಹೆ ಕೊಡುವವರಿದ್ದಾರೆ. ಯಾರೇ ಹೇಳಲಿ, ಕೇಳಬೇಡಿ. ಧೂಮೀಕರಣ, ಅಂದರೆ ವಿಷಾನಿಲ ಬಿಟ್ಟು ಹುಳು ಕೊಲ್ಲುವುದು, ಬೇಕೇಬೇಕಾದರೆ ಪರವಾನಗಿ ಇರುವವರು ಬಂದು ಮಾಡಬೇಕು.

ವಿಷವಿಲ್ಲದ ದಾರಿಗಳೂ ಇವೆ. ಮರದ ನಟ್ಟನಡುವಿನಲ್ಲಿ 56 ಡಿಗ್ರಿ ಸೆಲ್ಸಿಯಸ್ ಶಾಖ ಅರ್ಧ ಗಂಟೆ ನಿಂತರೆ ಒಳಗಿನ ಹುಳು ಸಾಯುತ್ತದೆ. ಸಾಗಣೆಯ ಮರದ ಪೆಟ್ಟಿಗೆಗಳಿಗೆ ಅಂತಾರಾಷ್ಟ್ರೀಯವಾಗಿ ಒಪ್ಪಿರುವ ಅಳತೆ ಇದೇ. ಶಾಖದ ಕೋಣೆ ಇರುವ ಮರದ ಕಾರ್ಖಾನೆಯಲ್ಲಿ ಇದು ಸಾಧ್ಯ, ಮಡಿಕೇರಿಯ ಬಿಸಿಲನ್ನು ನಂಬಿ ಮಾಡುವಂಥದ್ದಲ್ಲ. ಚಿಕ್ಕ ವಸ್ತುಗಳಾದರೆ, ಒಂದು ಮರದ ಸೌಟೋ ಕೆತ್ತನೆಯ ಬೊಂಬೆಯೋ ಆದರೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಚರ್ಮ ಬಿಗಿದ ದುಡಿಯನ್ನು ಹೀಗೆ ಇಡಬೇಡಿ. ಶಾಖವಾಗಲಿ ಶೀತವಾಗಲಿ ಇದ್ದ ಹುಳುವನ್ನು ಕೊಲ್ಲುತ್ತದೆ, ಮುಂದೆ ಬರುವುದನ್ನು ತಡೆಯುವುದಿಲ್ಲ.

ತಡೆಯುವ ಕೆಲಸ ಮರ ಬಿದ್ದ ದಿನದಿಂದಲೇ ಶುರುವಾಗಬೇಕು. ನಮ್ಮಲ್ಲಿ ಜೂನ್, ಜುಲೈ ಗಾಳಿಗೆ ತೋಟದಲ್ಲಿ ಮರಗಳು ಉರುಳುತ್ತವೆ. ಕೆಸರಿನಲ್ಲಿ ಲಾರಿ ಇಳಿಯುವುದಿಲ್ಲವೆಂದು ದಿಮ್ಮಿ ತೊಗಟೆ ಸಮೇತ ಮಳೆಗಾಲವಿಡೀ ಅಲ್ಲೇ ಬಿದ್ದಿರುತ್ತದೆ. ಕೊರಕ ದುಂಬಿಗಳಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಇಲ್ಲ. ದಿಮ್ಮಿಯನ್ನು ಸಾಗಿಸಲು ಆಗದಿದ್ದರೂ ತೊಗಟೆಯನ್ನಾದರೂ ಕೆತ್ತಿ ತೆಗೆಸಿ. ಆದಷ್ಟು ಬೇಗ ಕೊಯ್ಯಿಸಿ, ಹಲಗೆಗಳ ನಡುವೆ ರೀಪಿನ ತುಂಡು ಇಟ್ಟು ಗಾಳಿಯಾಡುವಂತೆ ಪೇರಿಸಿ. ಕೊಯ್ಯಿಸುವಾಗ ಮಿಲ್ಲಿನ ಎದುರು ನಿಂತು ಬಿಳಿ ಭಾಗವನ್ನು ಬೇರೆ ಮಾಡಿಸಿ. ಘನ ಅಡಿ ಕಡಿಮೆಯಾಗುತ್ತದೆ ಎಂದು ಮರುಗಬೇಡಿ. ಬಿಳಿಯನ್ನೂ ಬಳಸಲೇಬೇಕಾದರೆ, ಮರ ಹಸಿಯಿರುವಾಗಲೇ ಬೋರಾನ್ (ಬೊರಾಕ್ಸ್ ಮತ್ತು ಬೋರಿಕ್ ಆಸಿಡ್) ದ್ರಾವಣದಲ್ಲಿ ಅದ್ದಿಡಿ, ಹಸಿ ಮರದೊಳಗೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಸಿಲ್ವರ್ ಓಕ್ ಬಾಳಿಕೆಯ ಮರವಲ್ಲ, ಸಂಸ್ಕರಿಸದೆ ಮನೆಯೊಳಗೆ ತರಬೇಡಿ. ರಬ್ಬರ್ ಮರವಂತೂ ಪಿಷ್ಟದ ಕಣಜವೇ.

ಹಿರಿಯರು ಮಾಡುತ್ತಿದ್ದುದರಲ್ಲಿ ಬಹಳಷ್ಟು ಇದೇ ಲೆಕ್ಕಕ್ಕೆ ಸೇರುತ್ತದೆ. ಬಿದಿರನ್ನು ತೋಡಿನ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ಅದರ ಪಿಷ್ಟ ಕೊಳೆತು, ಕರಗಿ ಹೋಗುತ್ತಿತ್ತು. ನಿಂತ ಮರದ ಬುಡದಲ್ಲಿ ಸುತ್ತಲೂ ತೊಗಟೆ ಕೆತ್ತಿ ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಕಡಿಯುವ ಪದ್ಧತಿಯಲ್ಲಿ ಮರ ತಾನೇ ಕೂಡಿಟ್ಟ ಪಿಷ್ಟವನ್ನು ತಾನೇ ತಿಂದು ಮುಗಿಸುತ್ತಿತ್ತು. ಅಮಾವಾಸ್ಯೆಯ ಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೀಳುವುದಿಲ್ಲ ಎಂಬುದರ ಬಗ್ಗೆ ನಾನು ವಾದಕ್ಕೆ ಇಳಿಯುವುದಿಲ್ಲ, ಆದರೆ ನೀರಿನಲ್ಲಿ ನೆನೆಸುವುದನ್ನು ಬಿಟ್ಟು ತಿಥಿಯೊಂದನ್ನೇ ಹಿಡಿದುಕೊಂಡರೆ ಕೆಲಸ ಕೆಡುತ್ತದೆ. ಒಲೆಯ ಮೇಲಿನ ಅಟ್ಟ ಹೊಗೆಗೆ ಸದಾ ಒಣಗಿರುತ್ತಿತ್ತು. ಈಗ ಗ್ಯಾಸ್ ಒಲೆ ಬಂದಿದೆ, ಬರಲಿ. ಅದರ ಬದಲಿಗೆ ಅಟ್ಟಕ್ಕೆ ಒಂದು ಗಾಳಿಗಂಡಿ ಇಡಿಸಿ, ಒಡೆದ ಹೆಂಚನ್ನು ಮಳೆಗೆ ಮೊದಲೇ ಬದಲಾಯಿಸಿ. ಸೌದೆಯನ್ನು ಮನೆಯ ಗೋಡೆಗೆ ಒತ್ತಿ ಪೇರಿಸಬೇಡಿ.

ಇಷ್ಟೆಲ್ಲ ನೋಡಿಯೂ ಗುರುತು ಸಿಗದಿದ್ದರೆ ಸತ್ತ ದುಂಬಿಯನ್ನು ಸ್ಪಿರಿಟ್ ಹಾಕಿದ ಚಿಕ್ಕ ಸೀಸೆಯಲ್ಲಿ, ಪುಡಿಯನ್ನು ಬೆಂಕಿಪೊಟ್ಟಣದಲ್ಲಿ, ತೂತಿರುವ ಮರದ ಒಂದು ಚೂರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ. ಯಾವ ಕೋಣೆ, ಯಾವ ಮರ, ಎಂದು ತಂದದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರ ಮತ್ತು ಮರದ ಹುಳುಗಳನ್ನೇ ಓದಿದವರು ಅಲ್ಲಿ ಸಿಗುತ್ತಾರೆ. ಮುಚ್ಚಿಗೆ ಕೀಳಲು ಆಳು ಕರೆಯುವ ಮೊದಲು ಅವರಲ್ಲಿ ಒಮ್ಮೆ ವಿಚಾರಿಸಿ.